ಜಮೀನು ಖರೀದಿಯಲ್ಲಿ ಸುಳ್ಳು ಮಾಹಿತಿ: ಬರೆಸಿಕೊಳ್ಳುವುದರಿಂದ ಕರಾರು ಮುರಿಯುವವರೆಗೆ ಸಮಗ್ರ ಮಾರ್ಗದರ್ಶಿ

"ಮಾರುವಾಗ ಅವರು ಹಾಗೆ ಹೇಳಿದ್ದರು" ಎಂಬ ಮಾತಿಗೆ ಕೋರ್ಟಿನಲ್ಲಿ ತೂಕ ಬರಬೇಕಾದರೆ ಎರಡು ಪ್ರಶ್ನೆಗಳಿಗೆ ಉತ್ತರ ಇರಬೇಕು. ಅವರು ಏನು ಹೇಳಿದ್ದರು ಎಂಬುದಕ್ಕೆ ಕಾಗದ ಇದೆಯೇ? ಅದು ಸುಳ್ಳು ಎಂದು ಗೊತ್ತಾದ ದಿನದಿಂದ ನೀವು ಹೇಗೆ ನಡೆದುಕೊಂಡಿರಿ? ಜಮೀನು ತಕರಾರುಗಳಲ್ಲಿ ನ್ಯಾಯ ತಮ್ಮ ಕಡೆಗಿದ್ದೂ ಸೋಲುವವರು ಸಾಮಾನ್ಯವಾಗಿ ಈ ಎರಡರಲ್ಲೊಂದರಲ್ಲಿ ಎಡವಿರುತ್ತಾರೆ. ಹಾಗಾಗಿ ಈ ಮಾರ್ಗದರ್ಶಿಯ ಅರ್ಧ ಭಾಗ ಸಹಿ ಹಾಕುವ ಮೊದಲಿನ ಕೆಲಸದ್ದು.

ಇಲ್ಲಿ ಹೇಳುವುದು ಭಾರತದ ಕಾನೂನು. ಭಾರತೀಯ ಕರಾರು ಕಾಯ್ದೆ 1872, ಸ್ವತ್ತು ವರ್ಗಾವಣೆ ಕಾಯ್ದೆ 1882, ನಿರ್ದಿಷ್ಟ ಪರಿಹಾರ ಕಾಯ್ದೆ 1963 ಮತ್ತು ಕಾಲಮಿತಿ ಕಾಯ್ದೆ 1963, ಈ ನಾಲ್ಕರ ಮೇಲೆಯೇ ಬಹುಪಾಲು ನಿಂತಿದೆ. ದಾಖಲೆಗಳ ಮಟ್ಟಿಗೆ ಕರ್ನಾಟಕದ ಪದ್ಧತಿಯನ್ನು ಹಿಡಿದಿದ್ದೇವೆ.

ಹಂತ 1: ಹೇಳಿದ್ದು ಸಂಗತಿಯೋ, ಬರೀ ಹೊಗಳಿಕೆಯೋ?

"ಎರಡು ವರ್ಷದಲ್ಲಿ ಬೆಲೆ ದುಪ್ಪಟ್ಟಾಗುತ್ತೆ", "ಬಂಗಾರದಂಥ ಭೂಮಿ" ಎಂಬ ಮಾತುಗಳು ವ್ಯಾಪಾರದ ಹೊಗಳಿಕೆ. ಇವನ್ನು ನಂಬಿ ಕೆಟ್ಟರೆ ಕಾನೂನಿನ ನೆರವು ಸಿಗದು. "ಈ ಜಮೀನು ಭೂಪರಿವರ್ತನೆ ಆಗಿದೆ", "20 ಅಡಿ ರಸ್ತೆ ನಕ್ಷೆಯಲ್ಲಿದೆ", "ಯಾವ ಕೇಸೂ ಇಲ್ಲ" ಎಂಬುವು ಸಂಗತಿಯ ಹೇಳಿಕೆಗಳು. ನಿಜವೋ ಸುಳ್ಳೋ ಎಂದು ಪರೀಕ್ಷಿಸಬಹುದಾದ ಮಾತೇ ಸಂಗತಿ.

ಇವೆರಡರ ನಡುವೆ ಒಂದು ಮಬ್ಬು ಪ್ರದೇಶವಿದೆ. 1927ರ ಬಿಸೆಟ್ ವರ್ಸಸ್ ವಿಲ್ಕಿನ್ಸನ್ ಪ್ರಕರಣದಲ್ಲಿ ನ್ಯೂಜಿಲೆಂಡಿನ ಜಮೀನೊಂದರ ಮಾಲೀಕ, ಆ ಭೂಮಿ 2,000 ಕುರಿಗಳನ್ನು ತಾಳುತ್ತದೆ ಎಂದಿದ್ದ. ಅಲ್ಲಿ ಅವನು ಕುರಿ ಸಾಕಣೆ ಮಾಡಿಯೇ ಇರಲಿಲ್ಲ, ಕೊಂಡವನಿಗೆ ಅದು ಗೊತ್ತಿತ್ತು. ಹಾಗಾಗಿ ಅದು ಅಂದಾಜು ಮಾತ್ರ, ತಪ್ಪು ನಿರೂಪಣೆಯಲ್ಲ ಎಂದು ಆಗ ಬ್ರಿಟಿಷ್ ಸಾಮ್ರಾಜ್ಯದ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಪ್ರಿವಿ ಕೌನ್ಸಿಲ್ ತೀರ್ಮಾನಿಸಿತು. 1884ರ ಸ್ಮಿತ್ ವರ್ಸಸ್ ಲ್ಯಾಂಡ್ ಅಂಡ್ ಹೌಸ್ ಪ್ರಾಪರ್ಟಿ ಕಾರ್ಪೊರೇಷನ್ ಪ್ರಕರಣದಲ್ಲಿ ಆದದ್ದು ಇದರ ತದ್ವಿರುದ್ಧ. ಬಾಡಿಗೆಯನ್ನು ಸರಿಯಾಗಿ ಕೊಡದೆ ಸತಾಯಿಸುತ್ತಿದ್ದ ಬಾಡಿಗೆದಾರನನ್ನು ಮಾಲೀಕ "ತುಂಬ ಒಳ್ಳೆಯ ಬಾಡಿಗೆದಾರ" ಎಂದು ಬಣ್ಣಿಸಿದ್ದ. ಒಳಗಿನ ವಿಷಯ ಗೊತ್ತಿರುವವನು ಆಡುವ ಅಭಿಪ್ರಾಯದ ಹಿಂದೆ, ಅದಕ್ಕೆ ಆಧಾರವಿದೆ ಎಂಬ ಸಂಗತಿಯ ಹೇಳಿಕೆ ಅಡಗಿರುತ್ತದೆ ಎಂದಿತು ಕೋರ್ಟು. ಇವು ಹೊರಗಿನ ತೀರ್ಪುಗಳಾದರೂ ಪರೀಕ್ಷೆ ಇಲ್ಲಿಗೂ ಒಗ್ಗುತ್ತದೆ: ಆ ವಿಷಯ ಯಾರಿಗೆ ಹೆಚ್ಚು ಗೊತ್ತಿತ್ತು? ಹತ್ತು ವರ್ಷ ಅದೇ ಬೋರ್‌ವೆಲ್‌ನಿಂದ ನೀರು ಎತ್ತಿದವರು "ಬೇಸಿಗೆಯಲ್ಲೂ ನೀರು ಬತ್ತಲ್ಲ" ಎಂದರೆ ಅದನ್ನು ಅಂದಾಜು ಎಂದು ತಳ್ಳಿಹಾಕುವುದು ಕಷ್ಟ.

ಹಂತ 2: ವಂಚನೆಯೋ, ತಪ್ಪು ನಿರೂಪಣೆಯೋ?

ಕರಾರು ಕಾಯ್ದೆಯ ಸೆಕ್ಷನ್ 17 ವಂಚನೆಯದು, ಸೆಕ್ಷನ್ 18 ತಪ್ಪು ನಿರೂಪಣೆಯದು. ಸುಳ್ಳೆಂದು ತಿಳಿದೂ ಹೇಳುವುದು, ಗೊತ್ತಿರುವ ಸಂಗತಿಯನ್ನು ಬೇಕೆಂದೇ ಮುಚ್ಚಿಡುವುದು, ಪಾಲಿಸುವ ಇರಾದೆ ಇಲ್ಲದೆ ಮಾತು ಕೊಡುವುದು ವಂಚನೆ. ತಾನು ನಿಜವೆಂದೇ ನಂಬಿದ್ದರೂ, ಹಾಗೆ ಖಚಿತವಾಗಿ ಹೇಳಲು ಬೇಕಾದಷ್ಟು ಮಾಹಿತಿ ಕೈಯಲ್ಲಿಲ್ಲದೆ ಹೇಳಿದ ಮಾತು ಸುಳ್ಳಾದರೆ ಅದು ತಪ್ಪು ನಿರೂಪಣೆ. ಮಾರುವವರು ಮುಗ್ಧರಾಗಿದ್ದರೂ, ಕೊಳ್ಳುವ ವಸ್ತುವಿನ ಮೂಲ ಸ್ವರೂಪದ ಬಗ್ಗೆಯೇ ನಿಮ್ಮನ್ನು ತಪ್ಪು ತಿಳಿವಳಿಕೆಗೆ ದೂಡಿದ್ದರೆ ಅದೂ ಇದರಲ್ಲೇ ಸೇರುತ್ತದೆ.

ಎರಡರ ಪರಿಣಾಮವೂ ಮೇಲ್ನೋಟಕ್ಕೆ ಒಂದೇ: ಸೆಕ್ಷನ್ 19ರ ಪ್ರಕಾರ ಕರಾರನ್ನು ರದ್ದು ಮಾಡುವ ಆಯ್ಕೆ ಮೋಸಹೋದವರದು. ಆದರೆ ಆ ಸೆಕ್ಷನ್ನಿಗೆ ಒಂದು ಅಪವಾದವಿದೆ, ಅದನ್ನು ನಿಧಾನವಾಗಿ ಓದಿಕೊಳ್ಳಬೇಕು. ತಪ್ಪು ನಿರೂಪಣೆಯಿಂದ ಅಥವಾ ವಂಚನೆಯೆನಿಸುವ ಮೌನದಿಂದ ನೀವು ಒಪ್ಪಿದ್ದರೆ, ಸಾಮಾನ್ಯ ಎಚ್ಚರಿಕೆ ವಹಿಸಿ ಸತ್ಯ ತಿಳಿದುಕೊಳ್ಳುವ ದಾರಿ ನಿಮಗಿದ್ದಲ್ಲಿ ಕರಾರು ರದ್ದಾಗದು. ಬಾಯಿಬಿಟ್ಟು ಹೇಳಿದ ವಂಚನೆಯ ಸುಳ್ಳಿಗೆ ಈ ಅಪವಾದ ಅನ್ವಯಿಸುವುದಿಲ್ಲ. "ಇಸಿ (ಋಣಭಾರ ಪತ್ರ) ತೆಗೆಸಿದ್ದರೆ ಗೊತ್ತಾಗುತ್ತಿತ್ತಲ್ಲ" ಎಂಬ ವಾದ ಸೆಕ್ಷನ್ 18ರ ಕೇಸನ್ನು ಮುಳುಗಿಸಬಹುದು, ಸೆಕ್ಷನ್ 17ರ ಹಸಿ ಸುಳ್ಳಿನ ಕೇಸನ್ನಲ್ಲ. ನೋಂದಣಿಯಾದ ಪತ್ರದ ವಿಷಯದಲ್ಲಿ ಈ ವಾದಕ್ಕೆ ಇನ್ನಷ್ಟು ಬಲ ಬರುತ್ತದೆ, ಏಕೆಂದರೆ ಸ್ವತ್ತು ವರ್ಗಾವಣೆ ಕಾಯ್ದೆಯ ಸೆಕ್ಷನ್ 3ರ ಪ್ರಕಾರ ನೋಂದಣಿಯೇ ಕೊಳ್ಳುವವರಿಗೆ ತಿಳಿವಳಿಕೆ ಕೊಟ್ಟಂತೆ.

ಆ ಸುಳ್ಳನ್ನು ನಂಬಿಯೇ ನೀವು ಒಪ್ಪಿರಬೇಕು ಎಂಬುದು ಇನ್ನೊಂದು ಷರತ್ತು. ಕಾಯ್ದೆಯೇ ಕೊಡುವ ಉದಾಹರಣೆ ಇದು: ನೀಲಿ ಕಾರ್ಖಾನೆಯಲ್ಲಿ ವರ್ಷಕ್ಕೆ 500 ಮಣ ತಯಾರಾಗುತ್ತದೆ ಎಂದು ಮಾರುವವರು ತಪ್ಪು ಹೇಳುತ್ತಾರೆ. ಕೊಳ್ಳುವವರು ಲೆಕ್ಕದ ಪುಸ್ತಕ ನೋಡುತ್ತಾರೆ, ಅದರಲ್ಲಿ 400 ಮಣ ಎಂದಿದೆ. ಆಮೇಲೂ ಕೊಂಡರೆ, ಆ ತಪ್ಪು ಹೇಳಿಕೆಯ ನೆಪದಲ್ಲಿ ಕರಾರು ಮುರಿಯಲಾಗದು.

ಹಂತ 3: ಮೌನವನ್ನು ಮಾತಾಗಿಸಿ

ಕರಾರು ಕಾಯ್ದೆಯಲ್ಲಿ ಸುಮ್ಮನಿರುವುದು ತಾನಾಗಿಯೇ ವಂಚನೆಯಲ್ಲ. ಜಮೀನಿನ ವಿಷಯಕ್ಕೆ ಬಂದರೆ ಸ್ವತ್ತು ವರ್ಗಾವಣೆ ಕಾಯ್ದೆಯ ಸೆಕ್ಷನ್ 55 ಮಾರುವವರ ಮೇಲೆ ಹೆಚ್ಚಿನ ಹೊಣೆ ಹೊರಿಸುತ್ತದೆ. 55(1)(ಎ) ಪ್ರಕಾರ, ತನಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಲಾಗದ ಮುಖ್ಯ ದೋಷವನ್ನು, ಅದು ಸ್ವತ್ತಿನದಾಗಲಿ ಹಕ್ಕಿನದಾಗಲಿ, ಮಾರುವವರು ತಾವಾಗಿ ಹೇಳಬೇಕು. ಹೇಳದಿದ್ದರೆ ಅದು ವಂಚನೆಯೆಂದೇ ಲೆಕ್ಕ.

ಖರೀದಿದಾರರ ಕೈಯಲ್ಲಿರುವ ನಿಜವಾದ ಆಯುಧ 55(1)(ಸಿ). ಸ್ವತ್ತಿನ ಬಗ್ಗೆ, ಹಕ್ಕಿನ ಬಗ್ಗೆ ಕೊಳ್ಳುವವರು ಕೇಳುವ ಸಂಬಂಧಪಟ್ಟ ಪ್ರತಿ ಪ್ರಶ್ನೆಗೂ ಮಾರುವವರು ತಮಗೆ ತಿಳಿದಷ್ಟು ಉತ್ತರಿಸಲೇಬೇಕು ಎನ್ನುತ್ತದೆ ಅದು. ನೀವು ಕೇಳದಿದ್ದರೆ ಅವರ ಮೌನ ಅನುಮಾನದ ವಸ್ತುವಾಗಿಯೇ ಉಳಿಯುತ್ತದೆ. ಲಿಖಿತವಾಗಿ ಕೇಳಿ ಉತ್ತರ ಪಡೆದರೆ ಆ ಉತ್ತರ ಸಂಗತಿಯ ಹೇಳಿಕೆ, ಸಾಕ್ಷ್ಯ ಕೂಡ. ಈ ಒಂದು ಹಾಳೆಗಾಗಿ ಮಾರುವವರು ಮುನಿಸಿಕೊಂಡರೂ ಪರವಾಗಿಲ್ಲ. ಉತ್ತರ ಕೊಡಲು ಒಪ್ಪದವರೊಂದಿಗಿನ ವ್ಯವಹಾರ ಮುಂಗಡ ಕೊಡುವ ಮೊದಲೇ ನಿಂತರೆ ನಷ್ಟವಿಲ್ಲ.

ಪ್ರಶ್ನೆ ಪಟ್ಟಿ ಹೀಗಿರಲಿ. ಸರ್ವೆ ನಂಬರ್, ಹಿಸ್ಸಾ, ಚಕ್ಕುಬಂದಿ ಮೇಲ್ಭಾಗದಲ್ಲಿ ಬರೆದು, ಪ್ರತಿ ಪ್ರಶ್ನೆಯ ಕೆಳಗೆ ಉತ್ತರಕ್ಕೆ ಜಾಗ ಬಿಡಿ:

1. ಈ ಸ್ವತ್ತು ನಿಮಗೆ ಹೇಗೆ ಬಂತು: ಕ್ರಯ, ವಿಭಾಗ, ದಾನ, ವಿಲ್, ಸರ್ಕಾರಿ ಮಂಜೂರಾತಿ? ಮಂಜೂರಾತಿಯಾಗಿದ್ದರೆ ಆದೇಶದ ದಿನಾಂಕ ಮತ್ತು ಷರತ್ತುಗಳೇನು?
2. ಕುಟುಂಬದಲ್ಲಿ ಇದರ ಮೇಲೆ ಹಕ್ಕಿರುವವರು ಯಾರು ಯಾರು, ಹೆಣ್ಣುಮಕ್ಕಳನ್ನೂ ಸೇರಿಸಿ ತಿಳಿಸಿ. ಅವರೆಲ್ಲ ಸಹಿ ಹಾಕುತ್ತಾರೆಯೇ?
3. ಸಿವಿಲ್ ಕೋರ್ಟ್, ತಹಶೀಲ್ದಾರ್, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ಮುಂದೆ ಯಾವುದಾದರೂ ಪ್ರಕರಣ ಬಾಕಿಯಿದೆಯೇ? ಹಿಂದೆ ಇತ್ತೇ?
4. ಬೇರೆ ಯಾರಿಗಾದರೂ ಅಗ್ರಿಮೆಂಟ್ ಅಥವಾ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಬರೆದುಕೊಟ್ಟಿದ್ದೀರಾ? ನೋಂದಣಿ ಆಗದ್ದನ್ನೂ ತಿಳಿಸಿ.
5. ಮೂಲ ಪತ್ರಗಳು ಎಲ್ಲಿವೆ? ಬ್ಯಾಂಕ್, ಸೊಸೈಟಿ ಅಥವಾ ಖಾಸಗಿಯವರ ಬಳಿ ಇಟ್ಟು ಸಾಲ ಪಡೆದಿದ್ದೀರಾ?
6. ಜಮೀನಿಗೆ ದಾರಿ ಯಾವುದು, ಎಷ್ಟು ಅಡಿ, ಯಾವ ನಕ್ಷೆಯಲ್ಲಿದೆ? ನಿಮ್ಮ ಜಮೀನಿನ ಮೂಲಕ ಬೇರೆಯವರು ಓಡಾಡುತ್ತಾರೆಯೇ?
7. ಒಟ್ಟು ವಿಸ್ತೀರ್ಣದಲ್ಲಿ ಖರಾಬು (ಸಾಗುವಳಿಗೆ ಬಾರದ ಭಾಗ) ಎಷ್ಟು, ಅದರಲ್ಲಿ ಎ ಖರಾಬು, ಬಿ ಖರಾಬು ಎಷ್ಟು?
8. ಭೂಸ್ವಾಧೀನದ ಅಧಿಸೂಚನೆ, ರಸ್ತೆ ಅಗಲೀಕರಣ, ಕೆರೆ ಅಥವಾ ರಾಜಕಾಲುವೆ ಒತ್ತುವರಿ ಬಗ್ಗೆ ನೋಟಿಸ್ ಬಂದಿದೆಯೇ?

ಕೊನೆಯಲ್ಲಿ "ಈ ಉತ್ತರಗಳನ್ನು ನಂಬಿ ಖರೀದಿದಾರರು ಈ ಸ್ವತ್ತನ್ನು ಕೊಳ್ಳುತ್ತಿದ್ದಾರೆಂದು ನನಗೆ ತಿಳಿದಿದೆ" ಎಂಬ ಸಾಲು, ದಿನಾಂಕ, ಸಹಿ, ಇಬ್ಬರು ಸಾಕ್ಷಿಗಳು. ನಂಬಿ ಕೊಂಡದ್ದನ್ನು ಮುಂದೆ ರುಜುವಾತು ಮಾಡುವ ಕಷ್ಟವನ್ನು ಈ ಸಾಲು ಬಹಳಷ್ಟು ಕಡಿಮೆ ಮಾಡುತ್ತದೆ.

ಮಾತನಾಡಿದ್ದು ಬ್ರೋಕರ್ ಆಗಿದ್ದರೆ? ಕರಾರು ಕಾಯ್ದೆಯ ಸೆಕ್ಷನ್ 238ರ ಪ್ರಕಾರ, ಏಜೆಂಟ್ ತನ್ನ ಅಧಿಕಾರದ ವ್ಯಾಪ್ತಿಯಲ್ಲಿ, ಮಾಲೀಕರ ಪರವಾದ ವ್ಯವಹಾರದಲ್ಲಿ ಮಾಡಿದ ವಂಚನೆಗೂ ತಪ್ಪು ನಿರೂಪಣೆಗೂ ಮಾಲೀಕರೇ ಮಾಡಿದಷ್ಟೇ ಪರಿಣಾಮವಿದೆ. ಅಧಿಕಾರ ಮೀರಿ ಆಡಿದ ಮಾತು ಮಾಲೀಕರಿಗೆ ತಟ್ಟದು. ಬ್ರೋಕರ್ ಹೇಳಿದ್ದನ್ನೆಲ್ಲ ಮಾಲೀಕರಿಗೆ ವಾಟ್ಸಾಪ್‌ನಲ್ಲಿ ಕಳಿಸಿ "ಇದು ಸರಿಯೇ?" ಎಂದು ಕೇಳಿಬಿಡಿ.

ಹಂತ 4: ಉತ್ತರವನ್ನು ದಾಖಲೆಯೊಂದಿಗೆ ತಾಳೆ ಹಾಕಿ

ಸಾಮಾನ್ಯ ಎಚ್ಚರಿಕೆ ವಹಿಸಿದ್ದೆವು ಎಂದು ತೋರಿಸಲು ಇದು ಬೇಕೇ ಬೇಕು. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 10ರಲ್ಲಿ ಹಕ್ಕು ಬಂದ ಬಗೆ, 11ರಲ್ಲಿ ಇತರ ಹಕ್ಕು ಮತ್ತು ಋಣಗಳು, 12ರಲ್ಲಿ ಸಾಗುವಳಿ ವಿವರ ಇರುತ್ತವೆ. 11ನೇ ಕಾಲಂ ನೋಡದೆ ಮುಂಗಡ ಕೊಡುವವರು ಇಂದಿಗೂ ಇದ್ದಾರೆ. ಬ್ಯಾಂಕಿನ ಬೆಳೆ ಸಾಲ, ಕೋರ್ಟಿನ ತಡೆಯಾಜ್ಞೆ ಅಲ್ಲೇ ನಮೂದಾಗಿರಬಹುದು.

ಋಣಭಾರ ಪತ್ರದಲ್ಲಿ ವಹಿವಾಟು ಇದ್ದರೆ ಫಾರಂ 15, ಇಲ್ಲದಿದ್ದರೆ ಫಾರಂ 16 ಬರುತ್ತದೆ. ಇಸಿ ಚೊಕ್ಕವಾಗಿದೆ ಎಂದು ನಿಶ್ಚಿಂತರಾಗುವ ಹಾಗಿಲ್ಲ. ನೋಂದಣಿಯಾಗದ ಅಗ್ರಿಮೆಂಟು, ಕುಟುಂಬದ ಬಾಯಿಮಾತಿನ ವಿಭಾಗ, ಬಾಕಿಯಿರುವ ದಾವೆ ಅದರಲ್ಲಿ ಕಾಣುವುದಿಲ್ಲ. ದಾವೆಗಳಿಗೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರುವವರ ಹೆಸರು, ಅವರ ತಂದೆಯ ಹೆಸರು, ಒಡಹುಟ್ಟಿದವರ ಹೆಸರು ಹಾಕಿ ಹುಡುಕಿ. ಇಂಗ್ಲಿಷ್ ಕಾಗುಣಿತ ಬದಲಿಸಿ ಬದಲಿಸಿ ನೋಡಿ: ಕೃಷ್ಣಪ್ಪ ಎಂಬ ಒಂದೇ ಹೆಸರನ್ನು ಮೂರು ನಾಲ್ಕು ಬಗೆಯಲ್ಲಿ ಬರೆದಿರುತ್ತಾರೆ.

ವಿಸ್ತೀರ್ಣದ ಸುಳ್ಳು ಹೇಗೆ ನುಸುಳುತ್ತದೆ ಎಂಬುದನ್ನು ಲೆಕ್ಕದಲ್ಲೇ ನೋಡಿ. ಪಹಣಿಯಲ್ಲಿ ಒಟ್ಟು 2 ಎಕರೆ 10 ಗುಂಟೆ ಎಂದಿದೆ ಎನ್ನೋಣ. ಎಕರೆಗೆ 40 ಗುಂಟೆಯಂತೆ 90 ಗುಂಟೆ, ಗುಂಟೆಗೆ 1,089 ಚದರ ಅಡಿಯಂತೆ 98,010 ಚದರ ಅಡಿ. ಅದರಲ್ಲಿ 8 ಗುಂಟೆ ಬಿ ಖರಾಬು. ಹಳ್ಳ, ದಾರಿ ಮುಂತಾದ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಈ ಭಾಗ ಮಾಲೀಕರದ್ದಲ್ಲ, ಮಾರಲೂ ಬರುವುದಿಲ್ಲ. ಗುಂಟೆಗೆ 1 ಲಕ್ಷ ರೂಪಾಯಿಯಂತೆ 90 ಗುಂಟೆಗೆ ದುಡ್ಡು ಕೊಟ್ಟರೆ, ಕೊಳ್ಳಲಾಗದ 8,712 ಚದರ ಅಡಿಗೆ 8 ಲಕ್ಷ ತೆತ್ತ ಹಾಗಾಯಿತು. ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ಬರೆದಿಡುವ ಆಕಾರ್‌ಬಂದ್ ದಾಖಲೆಯ ಪ್ರತಿ ತೆಗೆಸಿದರೆ ಖರಾಬಿನ ಲೆಕ್ಕ ಸಿಗುತ್ತದೆ. ಟಿಪ್ಪಣಿ (ಸರ್ವೆ ಅಳತೆಯ ಮೂಲ ನಕ್ಷೆ) ಮತ್ತು ಗ್ರಾಮ ನಕ್ಷೆಯಲ್ಲಿ ಅಳತೆ, ದಾರಿ, ಹಳ್ಳ ಕಾಣುತ್ತವೆ. ಕೊಳ್ಳುವ ಮೊದಲು ಹದ್ದುಬಸ್ತು (ಅಳತೆ ಮಾಡಿ ಗಡಿ ಗುರುತಿಸುವುದು) ಮಾಡಿಸುವುದು ದುಬಾರಿಯಲ್ಲ, ನಂತರದ ವ್ಯಾಜ್ಯ ದುಬಾರಿ.

ಮಂಜೂರಾತಿ ಜಮೀನಿನ ಬಗ್ಗೆ ವಿಶೇಷ ಎಚ್ಚರ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನು ಪಿಟಿಸಿಎಲ್ ಎಂದೇ ಕರೆಯುವ 1978ರ ಕರ್ನಾಟಕ ಕಾಯ್ದೆಗೆ ವಿರುದ್ಧವಾಗಿ ಪರಭಾರೆ ಮಾಡಿದರೆ ಆ ಮಾರಾಟ ಶೂನ್ಯ, ಅಂದರೆ ಕಾನೂನಿನ ದೃಷ್ಟಿಯಲ್ಲಿ ನಡೆದೇ ಇಲ್ಲ. 2023ರ ತಿದ್ದುಪಡಿಯ ನಂತರ ಭೂಮಿ ಮರಳಿಸುವ ಅರ್ಜಿಗೆ ಕಾಲಮಿತಿಯ ಅಡ್ಡಿಯೂ ಇಲ್ಲ. "ತುಂಬ ಹಳೆಯದು, ಈಗ ತೊಂದರೆ ಇಲ್ಲ" ಎಂಬ ಮಾತನ್ನು ನಂಬಬೇಡಿ. ಕಾನೂನನ್ನೇ ತಪ್ಪಾಗಿ ತಿಳಿದುಕೊಂಡೆವು ಎಂಬ ಕಾರಣಕ್ಕೆ ಕರಾರು ರದ್ದಾಗದು ಎನ್ನುತ್ತದೆ ಕರಾರು ಕಾಯ್ದೆಯ ಸೆಕ್ಷನ್ 21. ಹಾಗಾಗಿ ಪ್ರಶ್ನೆ "ಇದನ್ನು ಮಾರಬಹುದೇ?" ಎಂದಿರಬಾರದು, "ಇದು ಯಾವ ಆದೇಶದಲ್ಲಿ, ಯಾರಿಗೆ ಮಂಜೂರಾಗಿತ್ತು?" ಎಂದಿರಬೇಕು.

ಹಂತ 5: ಕರಾರಿನೊಳಗೆ ಕೂರಿಸಿ

ಪ್ರಶ್ನೋತ್ತರದ ಹಾಳೆಯನ್ನು ಖರೀದಿ ಕರಾರಿಗೆ ಅನುಬಂಧವಾಗಿ ಸೇರಿಸಿ, ಕರಾರಿನ ಮೈಯಲ್ಲಿ ಅದನ್ನು ಉಲ್ಲೇಖಿಸಿ. ಉತ್ತರ ಸುಳ್ಳಾದರೆ ಮುಂಗಡವನ್ನು ಇಂತಿಷ್ಟು ಬಡ್ಡಿಯೊಂದಿಗೆ ಇಷ್ಟು ದಿನದೊಳಗೆ ಮರಳಿಸಬೇಕು ಎಂದು ಬರೆಸಿ. ಕರಾರಿನ ದಿನ ನಿಜವಾಗಿದ್ದ ಉತ್ತರ ಕ್ರಯಪತ್ರದ ಹೊತ್ತಿಗೆ ಸುಳ್ಳಾಗಿರಬಹುದು, ನಡುವೆ ಯಾರೋ ದಾವೆ ಹೂಡಿರಬಹುದು. ಅದಕ್ಕೆ "ಮೇಲಿನ ಉತ್ತರಗಳು ಕ್ರಯಪತ್ರದ ದಿನದಂದೂ ನಿಜವಾಗಿವೆ" ಎಂಬ ಖಾತರಿಯನ್ನು ಕ್ರಯಪತ್ರದಲ್ಲಿ ಮತ್ತೊಮ್ಮೆ ಬರೆಸಬೇಕು.

ಪತ್ರ ಬರಹಗಾರರ ಸಿದ್ಧ ನಮೂನೆಗಳಲ್ಲಿ "ಖರೀದಿದಾರರು ಎಲ್ಲ ದಾಖಲೆ ಪರಿಶೀಲಿಸಿ ತೃಪ್ತರಾಗಿ ಕೊಂಡಿರುತ್ತಾರೆ" ಎಂಬ ಸಾಲು ಇದ್ದೇ ಇರುತ್ತದೆ. ವಂಚನೆಗೆ ಅದು ರಕ್ಷೆಯಲ್ಲವಾದರೂ ಸೆಕ್ಷನ್ 19ರ ಅಪವಾದವನ್ನು ಎದುರು ಪಕ್ಷದ ಕೈಗೆ ಕೊಟ್ಟಂತೆ. "ಮಾರಾಟಗಾರರ ಲಿಖಿತ ಉತ್ತರಗಳನ್ನು ನಂಬಿ" ಎಂದು ಅಲ್ಲೇ ಸೇರಿಸಿ.

ಹಂತ 6: ಸುಳ್ಳು ಗೊತ್ತಾದ ಮೊದಲ ವಾರ

ಗೊತ್ತಾದ ದಿನಾಂಕವನ್ನೂ, ಹೇಗೆ ಗೊತ್ತಾಯಿತು ಎಂಬುದನ್ನೂ ಬರೆದಿಡಿ. ಕಾಲಮಿತಿ ಕಾಯ್ದೆಯ 59ನೇ ವಿಧಿಯ ಪ್ರಕಾರ ಪತ್ರ ರದ್ದತಿಗೆ ಅಥವಾ ಕರಾರು ಮುರಿಯುವುದಕ್ಕೆ 3 ವರ್ಷದ ಗಡಿ, ಅದು ಶುರುವಾಗುವುದು ನಿಮಗೆ ಸಂಗತಿ ಮೊದಲು ತಿಳಿದ ದಿನದಿಂದ. ದೃಢೀಕೃತ ನಕಲು ಪಡೆದ ರಸೀದಿಯಂಥ ಪುರಾವೆ ಇದ್ದರೆ ಆ ದಿನದ ಬಗ್ಗೆ ಜಗಳವೇ ಇರದು.

ಮೊಬೈಲ್ ಬದಲಾಯಿಸಬೇಡಿ, ಚಾಟ್ ಅಳಿಸಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಸೆಕ್ಷನ್ 63ರಡಿ ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಹಾಜರುಪಡಿಸಲು ಪ್ರಮಾಣಪತ್ರ ಬೇಕು. ಅದಕ್ಕೆ ಎರಡು ಭಾಗ: ಒಂದನ್ನು ಸಾಧನ ಬಳಸಿದವರು, ಇನ್ನೊಂದನ್ನು ತಜ್ಞರು ತುಂಬುತ್ತಾರೆ, ಕಡತದ ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾಗಿಲ್ಲ ಎಂದು ತೋರಿಸುವ ಗುರುತಿನ ಸಂಕೇತ) ಬರೆಯಬೇಕು. ಬರೀ ಸ್ಕ್ರೀನ್‌ಶಾಟಿನ ಪ್ರಿಂಟ್ ತೆಗೆದುಕೊಂಡು ಹೋದವರು ಇಲ್ಲೇ ಮುಗ್ಗರಿಸುತ್ತಾರೆ.

ಇನ್ನು ನಡವಳಿಕೆ. ಸತ್ಯ ತಿಳಿದ ಮೇಲೂ ಬಾಕಿ ಕಂತು ಕಟ್ಟುವುದು, ಹೊಸ ಬೋರ್‌ವೆಲ್ ಕೊರೆಸುವುದು, ಅಡಿಕೆ ಸಸಿ ನೆಡುವುದು, ಜಮೀನು ಅಡವಿಡುವುದು, ಇವೆಲ್ಲ ನೀವು ಕರಾರನ್ನು ಒಪ್ಪಿಕೊಂಡಿರಿ ಎಂಬುದರ ಗುರುತುಗಳು. ಹಾಗೆ ಅನುಮೋದಿಸಿದವರಿಗೆ ರದ್ದತಿಯನ್ನು ಕೋರ್ಟು ನಿರಾಕರಿಸಬಹುದು ಎಂದು ನಿರ್ದಿಷ್ಟ ಪರಿಹಾರ ಕಾಯ್ದೆಯ ಸೆಕ್ಷನ್ 27 ಹೇಳುತ್ತದೆ. ದಂಡ ತಪ್ಪಿಸಲು ಏನಾದರೂ ಕಟ್ಟಲೇಬೇಕಾದರೆ "ಕರಾರು ರದ್ದು ಮಾಡುವ ಹಕ್ಕನ್ನು ಕಾಯ್ದಿರಿಸಿಕೊಂಡು ಪಾವತಿಸುತ್ತಿದ್ದೇನೆ" ಎಂದು ಅದೇ ದಿನ ಬರೆದು ಕಳಿಸಿ.

ಹಂತ 7: ಉಳಿಸಿಕೊಳ್ಳುವುದೋ, ಮುರಿಯುವುದೋ?

ಕರಾರು ಕಾಯ್ದೆಯ ಸೆಕ್ಷನ್ 19 ಎರಡು ದಾರಿ ಕೊಡುತ್ತದೆ. ಕರಾರನ್ನು ಮುರಿಯಬಹುದು, ಇಲ್ಲವೇ ಕರಾರು ನಡೆಯಲಿ, ಆದರೆ ಹೇಳಿದ ಮಾತು ನಿಜವಾಗಿದ್ದರೆ ನಾನು ಯಾವ ಸ್ಥಿತಿಯಲ್ಲಿರುತ್ತಿದ್ದೆನೋ ಅಲ್ಲಿ ನನ್ನನ್ನು ನಿಲ್ಲಿಸಿ ಎಂದು ಪಟ್ಟು ಹಿಡಿಯಬಹುದು. ಋಣಮುಕ್ತ ಎಂದು ಹೇಳಿ ಮಾರಿದ ಎಸ್ಟೇಟ್ ಅಡಮಾನದಲ್ಲಿದ್ದರೆ, ಕೊಂಡವರು ಕರಾರು ಬಿಡಬಹುದು ಅಥವಾ ಅಡಮಾನ ತೀರಿಸಿಕೊಡಿ ಎನ್ನಬಹುದು ಎಂಬ ಉದಾಹರಣೆ ಕಾಯ್ದೆಯಲ್ಲೇ ಇದೆ.

ಹಣದಿಂದ ಸರಿಹೋಗುವ ದೋಷವಾದರೆ, ಅಂದರೆ ಬಾಕಿ ಸಾಲ, ಕಂದಾಯ ಬಾಕಿ, ಸ್ವಲ್ಪ ವಿಸ್ತೀರ್ಣದ ಕೊರತೆಯಾದರೆ, ಎರಡನೇ ದಾರಿಯೇ ಒಳ್ಳೆಯದು. ಹಕ್ಕೇ ದೋಷಪೂರಿತ, ದಾರಿಯೇ ಇಲ್ಲ, ಮನೆ ಕಟ್ಟುವಂತೆಯೇ ಇಲ್ಲ ಎಂದಾದರೆ ಮುರಿಯುವುದು ಲೇಸು. ಮುರಿದರೆ ನೀವು ಪಡೆದದ್ದನ್ನೂ ಮರಳಿಸಬೇಕಾಗುತ್ತದೆ (ಸೆಕ್ಷನ್ 64). ನ್ಯಾಯವಾಗಿ ಮುರಿದವರಿಗೆ ಆದ ನಷ್ಟಕ್ಕೆ ಪರಿಹಾರ ಸೆಕ್ಷನ್ 75ರಲ್ಲಿದೆ. ಮುದ್ರಾಂಕ ಶುಲ್ಕ, ನೋಂದಣಿ ವೆಚ್ಚ, ಸರ್ವೆ ಖರ್ಚು, ಸಾಲದ ಬಡ್ಡಿಯ ರಸೀದಿಗಳನ್ನೆಲ್ಲ ಜೋಡಿಸಿಡಿ. ಮುಂಗಡ ಹಂತದಲ್ಲೇ ಇದ್ದರೆ, ಕೊಳ್ಳಲು ನೀವು ಅನ್ಯಾಯವಾಗಿ ನಿರಾಕರಿಸದಿರುವವರೆಗೆ, ಕೊಟ್ಟ ಹಣಕ್ಕೆ ಮಾರುವವರ ಹಕ್ಕಿನ ಮಟ್ಟಿಗೆ ಆ ಸ್ವತ್ತಿನ ಮೇಲೆಯೇ ನಿಮಗೆ ಋಣಭಾರದ ಹಕ್ಕಿರುತ್ತದೆ, ಸ್ವತ್ತು ವರ್ಗಾವಣೆ ಕಾಯ್ದೆಯ ಸೆಕ್ಷನ್ 55(6)(ಬಿ) ಅದನ್ನು ಕೊಡುತ್ತದೆ.

ಹಂತ 8: ನೋಟಿಸ್

ಕರಾರು ಮುರಿದದ್ದನ್ನು ಎದುರು ಪಕ್ಷಕ್ಕೆ ತಿಳಿಸಬೇಕು (ಕರಾರು ಕಾಯ್ದೆಯ ಸೆಕ್ಷನ್ 66). ವಕೀಲರ ಮೂಲಕ, ತಲುಪಿದ ರಸೀದಿ ಸಿಗುವಂತೆ ಸ್ಪೀಡ್ ಪೋಸ್ಟ್‌ನಲ್ಲಿ, ಜೊತೆಗೆ ಇಮೇಲ್ ಮತ್ತು ವಾಟ್ಸಾಪ್‌ನಲ್ಲೂ ಕಳಿಸಿ. ತಿರುಳು ಹೀಗಿರಲಿ:

"ದಿನಾಂಕ ... ರಂದು ನೀವು ಸಹಿ ಮಾಡಿದ ಪ್ರಶ್ನೋತ್ತರದ 3ನೇ ಉತ್ತರದಲ್ಲಿ ಈ ಸ್ವತ್ತಿನ ಮೇಲೆ ಯಾವ ದಾವೆಯೂ ಇಲ್ಲವೆಂದು ತಿಳಿಸಿದ್ದೀರಿ. ಅದೇ ದಿನ ... ನ್ಯಾಯಾಲಯದಲ್ಲಿ ಮೂಲ ದಾವೆ ಸಂಖ್ಯೆ ... ಬಾಕಿಯಿದ್ದು, ನೀವು 1ನೇ ಪ್ರತಿವಾದಿಯಾಗಿ ಹಾಜರಾಗಿದ್ದೀರಿ. ಈ ಉತ್ತರವನ್ನು ನಂಬಿ ನಾನು ರೂ. ... ಪಾವತಿಸಿರುತ್ತೇನೆ. ಸತ್ಯಸಂಗತಿ ನನಗೆ ದಿನಾಂಕ ... ರಂದು ದೃಢೀಕೃತ ನಕಲಿನಿಂದ ತಿಳಿಯಿತು. ಆದ್ದರಿಂದ ಕರಾರನ್ನು ರದ್ದುಪಡಿಸಿರುತ್ತೇನೆ. ಸ್ವತ್ತಿನ ಸ್ವಾಧೀನವನ್ನು ಮರಳಿಸಲು ಸಿದ್ಧನಿದ್ದೇನೆ. 15 ದಿನದೊಳಗೆ ಹಣವನ್ನು ಬಡ್ಡಿ ಮತ್ತು ಖರ್ಚಿನೊಂದಿಗೆ ಹಿಂದಿರುಗಿಸತಕ್ಕದ್ದು."

ಯಾವ ಮಾತು, ಯಾವ ದಿನ, ಸತ್ಯ ಏನು, ನಂಬಿ ಏನು ಮಾಡಿದಿರಿ, ಯಾವಾಗ ಗೊತ್ತಾಯಿತು, ಈ ಐದೂ ಇರಬೇಕು. "ನೀವು ಮೋಸಗಾರರು" ಎಂಬ ಬೈಗುಳದಿಂದ ಏನೂ ಸಿಗದು.

ಹಂತ 9: ಎಲ್ಲಿಗೆ ಹೋಗಬೇಕು?

ನೋಂದಣಿಯಾಗಿ ಹಣ ಸಂದ ಕ್ರಯಪತ್ರವನ್ನು ಒಬ್ಬರೇ ಹೋಗಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ರದ್ದು ಮಾಡಿಸಲಾಗದು. ಇಬ್ಬರೂ ಒಪ್ಪಿ ಮರುಕ್ರಯ ಮಾಡಿಕೊಳ್ಳಬಹುದು, ಇಲ್ಲವಾದರೆ ಸ್ವತ್ತಿರುವ ವ್ಯಾಪ್ತಿಯ ಸಿವಿಲ್ ಕೋರ್ಟಿಗೆ ಹೋಗಬೇಕು. ನಿರ್ದಿಷ್ಟ ಪರಿಹಾರ ಕಾಯ್ದೆಯ ಸೆಕ್ಷನ್ 31ರಡಿ ರದ್ದಾದರೆ ಡಿಕ್ರಿಯ ಪ್ರತಿಯನ್ನು ಕೋರ್ಟೇ ನೋಂದಣಿ ಕಚೇರಿಗೆ ಕಳಿಸುತ್ತದೆ. ಕೋರ್ಟ್ ಶುಲ್ಕವನ್ನು 1958ರ ಕರ್ನಾಟಕ ಕೋರ್ಟ್ ಶುಲ್ಕ ಕಾಯ್ದೆಯ ಸೆಕ್ಷನ್ 38ರ ಪ್ರಕಾರ ಲೆಕ್ಕ ಹಾಕುತ್ತಾರೆ. ಮೊತ್ತ ದೊಡ್ಡದಾಗುವುದರಿಂದ ಮೊದಲೇ ವಕೀಲರಿಂದ ಲೆಕ್ಕ ಮಾಡಿಸಿ.

ದಾವಾ ಅರ್ಜಿಯಲ್ಲಿ ಸಾಮಾನ್ಯವಾಗಿ ಮೂರು ತಪ್ಪುಗಳಾಗುತ್ತವೆ. ಮೊದಲನೆಯದು, "ವಂಚಿಸಿದ್ದಾರೆ" ಎಂದು ಮೋಘಮ್ಮಾಗಿ ಬರೆಯುವುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 6 ನಿಯಮ 4ರ ಪ್ರಕಾರ ವಂಚನೆ, ತಪ್ಪು ನಿರೂಪಣೆಗಳ ವಿವರಗಳನ್ನು ದಿನಾಂಕ ಸಮೇತ ಕೊಡಬೇಕು. ಎರಡನೆಯದು, ವಂಚನೆಯೊಂದನ್ನೇ ಹೇಳಿ ಬಿಡುವುದು. ತಿಳಿದೂ ಹೇಳಿದರು ಎಂದು ರುಜುವಾತಾಗದಿದ್ದರೆ ತಪ್ಪು ನಿರೂಪಣೆಯಾದರೂ ನಿಲ್ಲುವಂತೆ ಪರ್ಯಾಯವಾಗಿ ಎರಡನ್ನೂ ಬರೆಯಬೇಕು. ಮೂರನೆಯದು, ಖರೀದಿ ಕರಾರು ಜಾರಿ ಮಾಡಿಸುವ ದಾವೆಯಲ್ಲಿ ಮುಂಗಡ ವಾಪಸಾತಿಯನ್ನು ಕೇಳದೇ ಇರುವುದು. ನಿರ್ದಿಷ್ಟ ಪರಿಹಾರ ಕಾಯ್ದೆಯ ಸೆಕ್ಷನ್ 22ರ ಪ್ರಕಾರ ಕೇಳದಿದ್ದರೆ ಕೋರ್ಟು ಕೊಡುವುದಿಲ್ಲ. ತಿದ್ದುಪಡಿಗೆ ಅವಕಾಶವಿದ್ದರೂ ಅದಕ್ಕೆ ಮತ್ತೆ ಸಮಯ ಹೋಗುತ್ತದೆ. ಮಾರಿದವರು ಬೇರೆ ಆಸ್ತಿಗಳನ್ನು ಕರಗಿಸುತ್ತಿದ್ದಾರೆ ಎಂಬ ಸುಳಿವಿದ್ದರೆ, ಆದೇಶ 38 ನಿಯಮ 5ರಡಿ ತೀರ್ಪಿಗೆ ಮುನ್ನವೇ ಜಪ್ತಿ ಕೋರಿ.

ನಿವೇಶನ ಬಡಾವಣೆಯಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ದಾರಿ ಹತ್ತಿರದ್ದು. ಜಾಹೀರಾತು ಅಥವಾ ಬ್ರೋಷರಿನ ಸುಳ್ಳನ್ನು ನಂಬಿ ಹಣ ಕೊಟ್ಟವರು ಯೋಜನೆಯಿಂದ ಹೊರಬರಲು ಬಯಸಿದರೆ ಪೂರ್ತಿ ಹಣ, ಬಡ್ಡಿ, ಪರಿಹಾರ ಪಡೆಯಬಹುದು (ಸೆಕ್ಷನ್ 12). ಹಕ್ಕಿನ ದೋಷದಿಂದಾದ ನಷ್ಟದ ಪರಿಹಾರಕ್ಕೆ ಕಾಲಮಿತಿಯೂ ಅಡ್ಡಬರದು (ಸೆಕ್ಷನ್ 18(2)). ಬ್ರೋಷರನ್ನು ಎಸೆಯಬೇಡಿ. ಗ್ರಾಹಕ ಆಯೋಗಕ್ಕೆ ಹೋಗುವುದಾದರೆ ಗಡುವು 2 ವರ್ಷ ಮಾತ್ರ, ಮತ್ತು ಬಡಾವಣೆ ಅಭಿವೃದ್ಧಿಯಂಥ ಸೇವೆ ಸೇರಿರಬೇಕು. ಬರೀ ಜಮೀನು ಮಾರಾಟ ಅಲ್ಲಿ ನಿಲ್ಲುವುದಿಲ್ಲ.

ಪೊಲೀಸ್ ದೂರು ಬೇರೆಯೇ ಮಾತು. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 318(4)ರಲ್ಲಿ ವಂಚಿಸಿ ಸ್ವತ್ತು ಪಡೆದವರಿಗೆ 7 ವರ್ಷದವರೆಗೆ ಶಿಕ್ಷೆಯಿದೆ. ಆದರೆ ಮೊದಲ ದಿನದಿಂದಲೇ ಮೋಸದ ಇರಾದೆ ಇತ್ತೆಂದು ತೋರಿಸಬೇಕು. ಎಫ್‌ಐಆರ್ ಆದ ಮಾತ್ರಕ್ಕೆ ಕ್ರಯಪತ್ರ ರದ್ದಾಗುವುದಿಲ್ಲ, 3 ವರ್ಷದ ಗಡಿಯಾರವೂ ನಿಲ್ಲುವುದಿಲ್ಲ. ಠಾಣೆಗೆ ಅಲೆಯುತ್ತ ಸಿವಿಲ್ ದಾವೆಯ ಗಡುವನ್ನು ಕಳೆದುಕೊಳ್ಳುವುದು ಅತ್ಯಂತ ನೋವಿನ ತಪ್ಪು.

ಮಾರುವವರೇ ಮೋಸಹೋದಾಗ

ಸುಳ್ಳು ಹೇಳುವವರು ಯಾವಾಗಲೂ ಮಾರುವವರೇ ಆಗಿರಬೇಕಿಲ್ಲ. ಎಸ್ಟೇಟಿನಲ್ಲಿ ಅದಿರಿನ ಎಳೆ ಇರುವುದನ್ನು ಕಂಡವನು ಅದನ್ನು ಮುಚ್ಚಿಟ್ಟು ಅಗ್ಗದ ಬೆಲೆಗೆ ಕೊಂಡರೆ, ಮಾರಿದವರು ಕರಾರು ಮುರಿಯಬಹುದು ಎಂಬುದೂ ಸೆಕ್ಷನ್ 19ರ ಉದಾಹರಣೆಗಳಲ್ಲಿದೆ. ಹಳ್ಳಿಗಳಲ್ಲಿ ಇದಕ್ಕಿಂತ ಹೆಚ್ಚಾಗಿ ಕಾಣುವುದು, ಓದು ಬರಹ ಬಾರದ ವೃದ್ಧರಿಂದ "ಸಾಲದ ಕಾಗದ" ಎಂದು ಹೇಳಿ ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು.

ಇಲ್ಲಿ ಒಂದು ಸೂಕ್ಷ್ಮ ಭೇದವಿದೆ, ಕೇಸಿನ ಹಣೆಬರಹ ಅದರ ಮೇಲೇ ನಿಂತಿರುತ್ತದೆ. ಕಾಗದ ಯಾವ ಬಗೆಯದು ಎಂಬ ಬಗ್ಗೆಯೇ ಸುಳ್ಳು ಹೇಳಿದ್ದರೆ ಅದು ಶೂನ್ಯ. ದಾನಪತ್ರವೆಂದು ಗೊತ್ತಿದ್ದೂ ಅದರೊಳಗೆ ಯಾವ ಜಮೀನು ಸೇರಿದೆ ಎಂಬ ಬಗ್ಗೆ ಸುಳ್ಳು ಹೇಳಿದ್ದರೆ ಅದು ಶೂನ್ಯವಲ್ಲ, ರದ್ದುಪಡಿಸಬಹುದಾದದ್ದು ಮಾತ್ರ. 1968ರ ನಿಂಗವ್ವ ವರ್ಸಸ್ ಬೈರಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಗೆರೆ ಎಳೆಯಿತು. ಹೆಂಡತಿ ಒಪ್ಪಿದ ಜಮೀನುಗಳ ಜೊತೆಗೆ ಇನ್ನೆರಡು ಜಮೀನುಗಳನ್ನೂ ದಾನಪತ್ರದಲ್ಲಿ ಸೇರಿಸಿ ಸಹಿ ಮಾಡಿಸಿಕೊಳ್ಳಲಾಗಿತ್ತು. ಮೋಸ ನಡೆದದ್ದು ಪತ್ರದ ಒಳವಿವರದಲ್ಲಿ, ಹಾಗಾಗಿ ಕಾಲಮಿತಿಯೊಳಗೆ ದಾವೆ ಹೂಡಬೇಕು ಎಂದಿತು ಕೋರ್ಟು. ಮೋಸ ಗೊತ್ತಾದ ದಿನದಿಂದ ಎಣಿಸಿದಾಗ ಆಕೆಯ ದಾವೆ ಗಡುವಿನೊಳಗೇ ಇದ್ದುದರಿಂದ ಆ ಎರಡು ಜಮೀನುಗಳು ಆಕೆಗೆ ಮರಳಿದವು.

ಆದ್ದರಿಂದ ಮೋಸಹೋದ ಮಾಲೀಕರು ಯಾವುದಕ್ಕೂ 3 ವರ್ಷದೊಳಗೆ ಕೋರ್ಟಿಗೆ ಹೋಗುವುದು ಕ್ಷೇಮ. ಇವರಿಗೆ ಇನ್ನೂ ಒಂದು ಅಪಾಯವಿದೆ. ರದ್ದಾಗುವವರೆಗೆ ಆ ಕ್ರಯಪತ್ರ ಜೀವಂತ, ಮೋಸಗಾರ ಅಷ್ಟರಲ್ಲಿ ಏನೂ ಅರಿಯದ ಮೂರನೆಯವರಿಗೆ ಸರಿಯಾದ ಬೆಲೆಗೆ ಮಾರಿಬಿಟ್ಟರೆ ಭೂಮಿ ಮರಳಿ ಸಿಗುವುದು ದುಸ್ತರ. ಗೊತ್ತಾದ ಕೂಡಲೇ ಖಾತೆ ಬದಲಾವಣೆಗೆ ತಹಶೀಲ್ದಾರರ ಬಳಿ ಲಿಖಿತ ತಕರಾರು ಸಲ್ಲಿಸಿ ಸ್ವೀಕೃತಿ ಪಡೆಯಿರಿ, ದಾವೆಯೊಂದಿಗೇ ಆದೇಶ 39ರಡಿ ಪರಭಾರೆಗೆ ತಡೆಯಾಜ್ಞೆ ಕೋರಿ, ತಡೆಯಾಜ್ಞೆ ಸಿಕ್ಕ ದಿನವೇ ಅದರ ಪ್ರತಿಯನ್ನು ಉಪನೋಂದಣಾಧಿಕಾರಿ ಕಚೇರಿಗೂ ನಾಡಕಚೇರಿಗೂ ಮುಟ್ಟಿಸಿ. ದಾವೆ ದಾಖಲಾದ ನಂತರ ಯಾರೇ ಕೊಂಡರೂ ಸ್ವತ್ತು ವರ್ಗಾವಣೆ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಅವರು ಆ ದಾವೆಯ ತೀರ್ಪಿಗೆ ಬದ್ಧರು.